‘ಬಿಚ್ಚಿದ ನೂಲು’ ಪೋಸ್ಟರ್: ಮೂರನೇ ವಾರ

ಗೆಳೆಯನ ಮೊದಲ ಚಿತ್ರ. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಒಂದು ಬಿಚ್ಚಾಣಿಕೆ ಮನೆ, ತಾಯಿ, ಊರು ಬಿಟ್ಟು ಹೊರಡಲು ನಿಂತ ಮಗ. ನಲವತ್ತು ನಿಮಿಷದ ಈ ಕಥೆಗೆ ಒಂದು ಪೋಸ್ಟರ್ ಮಾಡಿಕೊಡುವ ಹೊಣೆ ನನ್ನದು.

ಮೊದಲ ವಾರವಿಡೀ ಚಂದ್ರಿಕೆಯ ಹಿಂದೆ ಬಿದ್ದೆ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟೆ, ಅದರ ಮೇಲೆ ಸುರುಳಿ ಸುತ್ತಿದ ಪಟ್ಟಿ, ಸುರುಳಿಯ ಸಂದುಗಳಲ್ಲಿ ರೇಷ್ಮೆ ಹುಳು ಕಟ್ಟಿದ ಗೂಡುಗಳು. ಇಷ್ಟು ಚೆಲುವಾದ ವಿನ್ಯಾಸ ಕಣ್ಣೆದುರೇ ಇರುವಾಗ ಬೇರೆ ಏಕೆ ಹುಡುಕಬೇಕು ಎನಿಸಿತ್ತು. ಸುರುಳಿಯ ನಡುವೆ ತಾಯಿಯ ಮುಖವಿಟ್ಟು ಕರಡು ಬರೆದು, ಚಿತ್ರೀಕರಣಕ್ಕೆ ಮನೆ ಬಿಟ್ಟುಕೊಟ್ಟ ಅಮ್ಮನಿಗೆ ತೋರಿಸಿದೆ. ಅವರು ನೋಡಿ, “ಚೆನ್ನಾಗಿದೆ ಕಣಪ್ಪ. ಆದರೆ ಚಂದ್ರಿಕೆ ಹುಳು ಸಾಕುವವರ ಮನೆಯದು. ನಮ್ಮ ಮನೆಗೆ ಬರುವುದು ಬಿಡಿಸಿದ ಗೂಡು” ಎಂದರು.

ಅಂದೇ ಆ ಕರಡನ್ನು ಕೈಬಿಟ್ಟೆ. ಇಷ್ಟು ವರ್ಷ ಚಿಕ್ಕಬಳ್ಳಾಪುರದಲ್ಲೇ ಇದ್ದು ಹುಳು ಸಾಕುವ ರೈತನ ಮನೆಗೂ ನೂಲು ಬಿಚ್ಚುವ ರೀಲರ್ ಮನೆಗೂ ಇರುವ ಈ ವ್ಯತ್ಯಾಸವನ್ನು ಗಮನಿಸಿರಲಿಲ್ಲ ಎಂಬುದು ಮನಸ್ಸನ್ನು ಚುಚ್ಚಿತು.

ಮರುದಿನ ಬೆಳಗ್ಗೆ ಅವರ ಒಲೆಯ ಪಕ್ಕದಲ್ಲೇ ಕುಳಿತೆ. ಬೆಂದ ಗೂಡಿನ ವಾಸನೆ ಬಟ್ಟೆಗೆಲ್ಲ ಹತ್ತಿತು. ಹಬೆಯಾಡುವ ನೀರು ತೆಳು ಕಂದು ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಹಳದಿ ಗೂಡುಗಳು ಉರುಳುತ್ತಿದ್ದವು. ಅಮ್ಮ ನೀರಿಗೆ ಬೆರಳಿಟ್ಟು ಎಳೆಯ ತುದಿಯನ್ನು ಹಿಡಿಯುತ್ತಿದ್ದರು. ಎಂಟು ಹತ್ತು ಗೂಡುಗಳ ಎಳೆ ಕೂಡಿದರೆ ಒಂದು ನೂಲು. ಕಣ್ಣಿಗೆ ಕಾಣುವುದೇ ಕಷ್ಟವಾದ ಆ ಎಳೆಯನ್ನು ಅವರು ನೋಡದೆಯೇ, ಮಗನನ್ನು ಗದರುತ್ತಲೇ, ಹಿಡಿಯುತ್ತಿದ್ದರು. ಕೈ ಹೊರತೆಗೆದಾಗ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ಉಗುರಿನ ಬುಡದಲ್ಲಿ ಚರ್ಮ ಬಿರಿದಿತ್ತು. ನನ್ನ ಪೋಸ್ಟರ್ ಸಿಕ್ಕಿದ್ದು ಅಲ್ಲೇ.

ಗೆಳೆಯನಿಗೆ ನಟಿಯ ಮುಖ ಬೇಕಿತ್ತು. ಕೌಟುಂಬಿಕ ಚಿತ್ರವೆಂದರೆ ಕಣ್ಣೀರು ತುಂಬಿದ ಅರ್ಧ ಮುಖವಿರಬೇಕೆಂಬುದು ಹಳೆಯ ರೂಢಿ, ಅದಕ್ಕೆ ಕಾರಣವೂ ಇದೆ: ಬಸ್ಸಿನಲ್ಲಿ ಹೋಗುವವರ ಕಣ್ಣು ಮೊದಲು ಹಿಡಿಯುವುದು ಮುಖವನ್ನೇ. ಮುಖದ್ದು, ಬೆರಳಿನದು ಎರಡನ್ನೂ ಮಾಡಿ ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದೆವು. ಮುಖದ ಪೋಸ್ಟರ್ ಯಾವ ಊರಿನ ಕಥೆಯೂ ಆಗಬಹುದಿತ್ತು. ಅವನು ಒಪ್ಪಿದ.

ಅಕ್ಷರಕ್ಕೆ ನಾಲ್ಕು ದಿನ ಹಿಡಿಯಿತು. ‘ಬಿಚ್ಚಿದ’ ಮೇಲೆ, ‘ನೂಲು’ ಕೆಳಗೆ. ಚಕಾರದ ಒತ್ತು ಇಳಿದು ಬಂದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಅಂತರ ಹೆಚ್ಚಿಸಿದರೆ ಎರಡು ಪದಗಳ ನಂಟೇ ತಪ್ಪುತ್ತಿತ್ತು. ಸಿದ್ಧ ಫಾಂಟ್ ಬಿಟ್ಟು ಕುಂಚ ಹಿಡಿದು ಬರೆದೆ. ‘ನೂಲು’ ಪದವನ್ನು ಬಲಕ್ಕೆ ಸರಿಸಿ, ಒತ್ತಿನ ಬಾಲವನ್ನು ಎಳೆಯಾಗಿ ಎಳೆದು ಕೆಳಗಿರುವ ಬೆರಳಿನವರೆಗೆ ಇಳಿಸಿದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಗೆರೆ ಅದು.

ಅಳತೆ 20×30 ಇಂಚು. ಇಂಚಿಗೆ 300 ಚುಕ್ಕೆಯಂತೆ 6000×9000 ಪಿಕ್ಸೆಲ್. ಮೊದಲ ಪರೀಕ್ಷಾ ಮುದ್ರಣದಲ್ಲಿ ಗೂಡಿನ ನೆರಳೆಲ್ಲ ಹಸಿರಾಯಿತು. ಹಳದಿಗೆ ಕಪ್ಪು ಶಾಯಿ ಬೆರೆತರೆ ಹೀಗೆಯೇ. ನೆರಳಿನಿಂದ ಕಪ್ಪನ್ನು ತೆಗೆದು, ಮಜೆಂಟಾ (ನೇರಳೆಗೆಂಪು ಶಾಯಿ) ಹೆಚ್ಚಿಸಿ, ಸಯಾನ್ (ಹಸಿರುನೀಲಿ ಶಾಯಿ) ಸ್ವಲ್ಪವೇ ಸೇರಿಸಿದ ಮೇಲೆ ಆ ಬಾಣಲೆಯ ಕಂದು ನೀರು ಕಾಗದದ ಮೇಲೆ ಬಂತು.

ಕಲಾವಿದರ, ತಂತ್ರಜ್ಞರ ಹೆಸರುಗಳನ್ನು ಕೂರಿಸುವುದು ಉಳಿದಿದೆ. ಅದಕ್ಕೂ ಮೊದಲು ಭಾನುವಾರ ಒಂದು ಪ್ರತಿಯನ್ನು ಶಿಡ್ಲಘಟ್ಟಕ್ಕೆ ಒಯ್ಯುತ್ತೇನೆ. ಬೆರಳು ಎಳೆಯನ್ನು ಹಿಡಿದಿರುವ ರೀತಿ ಸರಿಯೋ ತಪ್ಪೋ ಎಂದು ಆ ಅಮ್ಮನೇ ಹೇಳಬೇಕು.