ಜೋಗ ಗುಲಾಬಿಯಾದ ರಾತ್ರಿ

ರೆಂಡರ್ ನೋಡ್‌ನಿಂದ, ಅಂದರೆ ವಿಡಿಯೊದ ಫ್ರೇಮ್‌ಗಳನ್ನು ತಯಾರಿಸಿಕೊಡುವ ಕಂಪ್ಯೂಟರ್‌ನಿಂದ, ಬಂದ ಮೊದಲ ಫ್ರೇಮ್‌ನಲ್ಲಿ ಟೈಟಲ್ ಸರಿಯಾಗಿತ್ತು, ಅದರ ಹಿಂದೆ ಕಾಣಬೇಕಿದ್ದ ಜೋಗ ಮಾತ್ರ ಅಪ್ಪಟ ಗುಲಾಬಿ. ಇಮೇಜ್ ಫೈಲ್ ಸಿಗದಿದ್ದರೆ ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಬಳಿಯುವ ಬಣ್ಣವೇ ಅದು. ಆಗ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಆರಕ್ಕೆ ಡೆಲಿವರಿ.

ನಮ್ಮಲ್ಲಿ ಎಡಿಟ್ ಮ್ಯಾಕ್‌ನಲ್ಲಿ, ತ್ರೀಡಿ ವಿಂಡೋಸ್‌ನಲ್ಲಿ, ರೆಂಡರ್ ಲಿನಕ್ಸ್‌ನಲ್ಲಿ. "ಎಲ್ಲಕ್ಕೂ ಒಂದೇ ಓಎಸ್ ಹಾಕ್ಬಾರ್ದೇನ್ರೀ?" ಎಂದು ಮ್ಯಾನೇಜ್‌ಮೆಂಟ್ ಆಗಾಗ ಕೇಳುತ್ತದೆ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಲಿನಕ್ಸ್‌ಗೆ ಬರುವುದಿಲ್ಲ. ಈಗಿನ ಮ್ಯಾಕ್‌ಗೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಹಾಕಲಾಗದು. ವಿಂಡೋಸ್‌ನಲ್ಲಿ ಆಕ್ಟಿವ್ ಅವರ್ಸ್, ಅಂದರೆ ತಾನಾಗಿ ರೀಸ್ಟಾರ್ಟ್ ಆಗದಿರುವ ಅವಧಿ, ಎಷ್ಟು ಎಳೆದರೂ 18 ಗಂಟೆ. ಉಳಿದ ಆರು ಗಂಟೆಯಲ್ಲಿ ಅಪ್‌ಡೇಟ್ ರೀಸ್ಟಾರ್ಟ್ ಆದರೆ ರೆಂಡರ್ ಹೋಯಿತು.

'ಫೈಲ್ ಇಲ್ಲ' ಎಂದಾಗ ನಾವು ಮೊದಲು ಸೆಕ್ಯೂರಿಟಿಯನ್ನೇ ಬೈಯುವುದು. ಅದಕ್ಕೆ ಕಾರಣವೂ ಇದೆ. ಮ್ಯಾಕ್‌ನಲ್ಲಿ ಯಾರೋ ಅವಸರಕ್ಕೆ 'ಡೋಂಟ್ ಅಲೋ' ಒತ್ತಿದ್ದರೆ ಎದುರಿಗಿರುವ ಡ್ರೈವ್ ಕೂಡ ಆಪ್‌ಗೆ ಸಿಗುವುದಿಲ್ಲ. ಪ್ರೈವಸಿ ಸೆಟ್ಟಿಂಗ್‌ನ 'ಫೈಲ್ಸ್ ಅಂಡ್ ಫೋಲ್ಡರ್ಸ್'ನಲ್ಲಿ ಅನುಮತಿ ಕೊಟ್ಟು ಆಪ್ ಮುಚ್ಚಿ ತೆರೆಯಬೇಕು. ವಿಂಡೋಸ್‌ನ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಓದಲು ಬಿಟ್ಟು ಬರೆಯಲು ತಡೆಯುತ್ತದೆ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ತಡೆಯಲೆಂದೇ ಇರುವ ಅದನ್ನು ಆಫ್ ಮಾಡಬೇಡಿ, ಆಪ್ ಅನ್ನು ಅಲೋ ಪಟ್ಟಿಗೆ ಸೇರಿಸಿ. ಲಿನಕ್ಸ್‌ನಲ್ಲಾದರೆ ಎಸ್‌ಇಲಿನಕ್ಸ್, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದೆಂದು ಕಾಯುವ ಕಾವಲು.

ಆ ರಾತ್ರಿ ನಾನು ಕೈಹಾಕಿದ್ದು ಅದಕ್ಕೇ. ಪರ್ಮಿಸಿವ್ ಮಾಡಿದೆ (ಆಗ ಅದು ಯಾರನ್ನೂ ತಡೆಯುವುದಿಲ್ಲ), ಫೋಲ್ಡರ್‌ಗೆ 777 ಕೊಟ್ಟೆ (ಎಲ್ಲರಿಗೂ ಎಲ್ಲ ಅನುಮತಿ), ಸರ್ವರ್‌ನ ಶೇರ್ ಬಿಚ್ಚಿ ಮತ್ತೆ ಮೌಂಟ್ ಮಾಡಿದೆ, ಅಂದರೆ ಜೋಡಿಸಿದೆ. ನಲವತ್ತು ನಿಮಿಷ ಹೋಯಿತು, ಗುಲಾಬಿ ಹೋಗಲಿಲ್ಲ. ಹೆಸರಿನ ಮೇಲೆ ಅನುಮಾನವೇ ಬರಲಿಲ್ಲ, ಹಿಂದಿನ ಎರಡು ಕಂತು, ಹಂಪಿ ಮತ್ತು ಬಾದಾಮಿ, ಕನ್ನಡ ಹೆಸರಿನ ಫೋಲ್ಡರ್‌ನಲ್ಲೇ ಸಲೀಸಾಗಿ ರೆಂಡರ್ ಆಗಿದ್ದವು.

ಕೊನೆಗೆ ಫೋಲ್ಡರ್ ಹೆಸರಿನ ಬೈಟ್ ಎಣಿಸಿದೆ. 'ಜೋಗ' ಎಂದರೆ ಜ, ಓತ್ವದ ದೀರ್ಘ, ಗ: ಮೂರು ಕೋಡ್, ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8ರಲ್ಲಿ ತಲಾ ಮೂರರಂತೆ ಒಂಬತ್ತು ಬೈಟ್. ಸರ್ವರ್‌ನಲ್ಲಿದ್ದದ್ದು ಹದಿನೈದು! ಫುಟೇಜ್ ಬಂದದ್ದು ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಮ್ ಆದ ಎಚ್‌ಎಫ್‌ಎಸ್ ಪ್ಲಸ್ ಇದ್ದ ಡ್ರೈವ್‌ನಿಂದ. ಆ ಫೈಲ್ ಸಿಸ್ಟಮ್ ಜೋಡಿ ಸ್ವರಚಿಹ್ನೆಗಳನ್ನು ಬಿಡಿಸಿ ಇಡುತ್ತದೆ. 'ೋ' ಅಲ್ಲಿ ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗುತ್ತದೆ. ಫೈಲ್ ನಕಲಿಸುವ ಆರ್‌ಸಿಂಕ್ ಅದನ್ನು ಹಾಗೇ ಸರ್ವರ್‌ಗೆ ತಂದಿತ್ತು. ಇಮೇಜ್ ಎಲ್ಲಿದೆ ಎಂದು ತೋರಿಸಲು ವಿಂಡೋಸ್‌ನಲ್ಲಿ ತ್ರೀಡಿಯವರು ಟೈಪ್ ಮಾಡಿದ್ದ 'ಜೋಗ' ಒಂಬತ್ತೇ ಬೈಟಿನದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಮ್ಯಾಕ್‌ನ ಈಗಿನ ಎಪಿಎಫ್‌ಎಸ್ ಡ್ರೈವ್ ಆಗಿದ್ದರೆ ಹೀಗೆ ಬಿಡಿಸುತ್ತಿರಲಿಲ್ಲ.

ೀ, ೇ, ೈ, ೊ, ೋ ಇರುವ ಹೆಸರುಗಳಿಗೆಲ್ಲ ಇದೇ ಗತಿ: ಬೇಲೂರು, ಮೈಸೂರು, ಕೊಡಗು. ಹಂಪಿ, ಬಾದಾಮಿಯಲ್ಲಿ ಬಿಡಿಸಲು ಏನೂ ಇಲ್ಲ.

ಲಿನಕ್ಸ್‌ನಲ್ಲಿ ಫೈಲ್ ಹೆಸರು ಬದಲಿಸುವ ಕನ್ವ್‌ಎಂವಿ ಕಮಾಂಡ್‌ಗೆ ಎನ್‌ಎಫ್‌ಸಿ (ಬಿಡಿಸಿದ್ದನ್ನು ಕೂಡಿಸುವ) ಆಯ್ಕೆ ಕೊಟ್ಟರೆ ಹೆಸರು ಕೂಡಿಕೊಳ್ಳುತ್ತದೆ. 'ನೋಟೆಸ್ಟ್' ಆಯ್ಕೆಯನ್ನೂ ಕೊಡುವ ತನಕ ಅದು ಏನು ಬದಲಿಸುತ್ತೇನೆಂದು ತೋರಿಸುತ್ತದೆ ಅಷ್ಟೆ, ಮೊದಲು ಆ ಪಟ್ಟಿ ಓದಿ. ನಮ್ಮದಕ್ಕೆ ಹಿಡಿದದ್ದು ಎರಡು ನಿಮಿಷ. ಐದೂವರೆಗೆ ಫೈಲ್ ಹೊರಟಿತು.

ಮೂರು ದಿನ ಬಿಟ್ಟು ಬೇರೇನೋ ನೋಡಲು ಆ ನೋಡ್‌ಗೆ ಲಾಗಿನ್ ಆದೆ. ಎಸ್‌ಇಲಿನಕ್ಸ್ ಇನ್ನೂ ಪರ್ಮಿಸಿವ್, ಫೋಲ್ಡರ್ ಇನ್ನೂ 777. ನಡುವೆ ಒಮ್ಮೆ ರೀಬೂಟ್ ಆಗಿದ್ದರೂ ಮೊದಲನೆಯದು ತಾನೇ ಸರಿಹೋಗುತ್ತಿತ್ತು.