ಅಪ್ಪನ ನೋಟ್‌ಬುಕ್ಕಿನ ಕೊನೆಯ ಹಾಳೆ

ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸೋ ಕೆಲಸ, ಮುಗಿದ ಮರುದಿನ ಅಪ್ಪ ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ಟರು. ದ್ರಾಕ್ಷಿಗೆ ಹೊಡೆಯೋ ಔಷಧದ ಲೆಕ್ಕ ಬರೆಯುವ ನೋಟ್‌ಬುಕ್ ಅದು. ಕೊನೆಯ ಹಾಳೆಯಲ್ಲಿ ನೀಲಿ ಪೆನ್ನಿನಿಂದ ಒತ್ತಿ ಒತ್ತಿ ಬರೆದಿದ್ದರು: ಮೃತ್ಯುಪತ್ರ. ಅಂದರೆ ವಿಲ್. ಕೆಳಗೆ ಆರೇ ಸಾಲು. ತಿಕೋಟಾದ ಆರು ಎಕರೆ ಇಬ್ಬರು ಗಂಡುಮಕ್ಕಳಿಗೆ ಸಮ. ಮನೆ ದೊಡ್ಡವನಿಗೆ. ಅಕ್ಕನ ಹೆಸರೇ ಇರಲಿಲ್ಲ.

‘ನೀನು, ನಿಮ್ಮಣ್ಣ ಸಾಕ್ಷಿ ಸಹಿ ಮಾಡ್ರಿ. ವಕೀಲರಿಗೆ ಯಾಕ ಸುಮ್ನ ರೊಕ್ಕ?’ ಅಂದರು.

ಅಪ್ಪನ ಮಾತಲ್ಲಿ ಅರ್ಧ ಸತ್ಯ ಇತ್ತು. ಮೃತ್ಯುಪತ್ರಕ್ಕೆ ಬಾಂಡ್ ಪೇಪರ್ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ಅವರ ಎದುರಿಗೇ ಸಹಿ ಮಾಡಬೇಕು, ಅಷ್ಟೇ. ಆದರೂ ಅಕ್ಕನ ವಿಷಯ ನನಗೆ ಚುಚ್ಚುತ್ತಿತ್ತು. ಹೆಂಗೋ ಒಪ್ಪಿಸಿ ವಿಜಯಪುರಕ್ಕೆ ಕರೆದುಕೊಂಡು ಹೋದೆ.

ವಕೀಲರು ಹಾಳೆ ಓದಿ, ಹೊಲದ ಉತಾರ (ಪಹಣಿ) ನೋಡಿ, ಮೊದಲು ಕೇಳಿದ್ದು ಒಂದೇ ಪ್ರಶ್ನೆ. ‘ಯಜಮಾನ್ರ, ಇದರಾಗ ನೀವು ದುಡಿದು ತಗೊಂಡದ್ದೆಷ್ಟು, ಹಿರಿಯರಿಂದ ಬಂದದ್ದೆಷ್ಟು?’

‘ಎರಡು ಎಕರೆ ನಾ ತಗೊಂಡದ್ದು. ನಾಲ್ಕು ನಮ್ಮ ಮುತ್ತ್ಯಾನ ಕಾಲದಿಂದ ಒಟ್ಟಿಗೇ ಬಂದದ್ದ್ರಿ.’

‘ಎರಡು ಎಕರೆ ನಿಮ್ಮ ಇಚ್ಛಾ, ಯಾರಿಗರ ಬರೀರಿ. ಆ ನಾಲ್ಕರಾಗ ನಿಮ್ಮ ಪಾಲಷ್ಟೇ ಬರಿಯಾಕ ಬರತೈತಿ. 2005ರಾಗ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದಮ್ಯಾಲ ಒಟ್ಟು ಕುಟುಂಬದ ಆಸ್ತಿಯೊಳಗ ಮಗಳಿಗೂ ಹುಟ್ಟಿನಿಂದ ಹಕ್ಕು ಐತ್ರಿ.’

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಏನೂ ಮಾತಾಡಲಿಲ್ಲ.

ಪಾಲು ಪಡೆಯೋ ಮಕ್ಕಳೇ ಸಾಕ್ಷಿಯಾದರೆ ನಾಳೆ ಸಂಶಯ ಬರುತ್ತೆ, ಹೊರಗಿನವರು, ಅಪ್ಪನಿಗಿಂತ ವಯಸ್ಸಲ್ಲಿ ಚಿಕ್ಕವರು ಇರಲಿ ಅಂದರು ವಕೀಲರು. ಬೋರ್‌ವೆಲ್ ಅಣ್ಣನ ಕಡೆಯ ಹೊಲದಲ್ಲಿತ್ತು. ನನ್ನ ಭಾಗಕ್ಕೆ ನೀರು ಹೇಗೆ ಅಂತ ಆ ಆರು ಸಾಲಿನಲ್ಲಿ ಎಲ್ಲೂ ಇರಲಿಲ್ಲ! ದ್ರಾಕ್ಷಿ ಪಡಕ್ಕೆ ನೀರಿಲ್ಲ ಅಂದರೆ ಹೊಲ ಇದ್ದೂ ಇಲ್ಲದಂತೆ ಅಲ್ವಾ?

ಕೊನೆಗೆ ವಕೀಲರು ಮೆಲ್ಲಗೆ ಕೇಳಿದರು. ‘ಮನಿ ದೊಡ್ಡ ಮಗನಿಗೆ ಬರದೀರಿ. ನಿಮ್ಮ ಹಿಂದ ಅವ್ವಾರು?’

‘ಮಗನ ಹತ್ರನ ಇರ್ತಾಳ್ರಿ.’

‘ಅದನ್ನ ಬರದಿಲ್ಲಲ್ರಿ.’

ಯಾರದಾದರೂ ಆಸ್ತಿ ಒಂದೇ ಮನೆ, ತಾವೇ ಕಟ್ಟಿಸಿದ್ದು, ಒಬ್ಬರಿಗೇ ಕೊಡೋದು ಅಂದರೆ ಮನೆಯಲ್ಲೇ ಬರೆದರೂ ನಡೆದೀತು. ಹಿರಿಯರ ಹೊಲ, ಬಾವಿ, ಬೋರು, ಮೂರು ಮಕ್ಕಳು ಇದ್ದರೆ ಗೊತ್ತಿದ್ದವರನ್ನು ಕೇಳಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮನೆಯವರು ಬಾಯಿಬಿಟ್ಟು ಕೇಳಲಾಗದ್ದನ್ನು ಆ ವಕೀಲರು ಅರ್ಧ ತಾಸಿನಲ್ಲಿ ಕೇಳಿದ್ದರು.

ಅಪ್ಪ ನನ್ನ ಜೇಬಿನ ಪೆನ್ನು ತಗೊಂಡು, ಮನೆಯ ಸಾಲಿನ ಪಕ್ಕ ತಾವೇ ಬರೆದರು: ‘ಆಕಿ ಇರೋತನಕ ಆಕಿದು.’

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದ ಮೇಲೆ, ‘ಜಮಖಂಡಿಗೆ ಫೋನ್ ಹಚ್ಚು. ಅಕ್ಕನ ಜೋಡಿ ನಾನ ಮಾತಾಡ್ತೀನಿ’ ಅಂದರು.