ಸಾಲಿಗಿಂತ ಮೊದಲು ಹಾಡಿನ ಜಾಗ

ಮಕ್ಕಳ ಅನಿಮೇಷನ್ ಕಥೆಗಳಿಗೆ ಹಾಡು ಬರೆಯುವುದು ನನ್ನ ಕೆಲಸ. ಹೊಸದಾಗಿ ಬರುವವರು ಮೊದಲು ಕೇಳುವುದು ಪ್ರಾಸ ಹೇಗೆ ಕೂಡಿಸುವುದು ಅಂತ. ಅವರಿಗೆ ನಾನು ಅಮೆರಿಕದ ಗೀತರಚನೆಕಾರ ಹೋವರ್ಡ್ ಆಶ್‌ಮನ್ ಕೆಲಸ ಮಾಡಿದ ರೀತಿಯನ್ನು ಹೇಳುತ್ತೇನೆ.

ಆಶ್‌ಮನ್ ನ್ಯೂಯಾರ್ಕಿನ ಸಣ್ಣ ರಂಗಮಂದಿರಗಳಲ್ಲಿ ಪಳಗಿ, ಸಂಗೀತ ಸಂಯೋಜಕ ಅಲನ್ ಮೆಂಕನ್ ಜೊತೆ ಡಿಸ್ನಿಗೆ ಬಂದವರು. ‘ದಿ ಲಿಟಲ್ ಮರ್ಮೇಡ್’ (1989) ಚಿತ್ರದ ಏಡಿ ಮೊದಲು ಇಂಗ್ಲಿಷ್ ಬಟ್ಲರನ ಥರದ ಪಾತ್ರ. ಅದು ಕೆರಿಬಿಯನ್ ಕಡೆಯದಾಗಲಿ ಎಂದದ್ದು ಆಶ್‌ಮನ್. ಆ ಒಂದು ಮಾತಿನಿಂದ ಕಲಿಪ್ಸೊ ಲಯ ಬಂತು, ‘ಅಂಡರ್ ದ ಸೀ’ ಹಾಡು ಹುಟ್ಟಿತು, ಆಸ್ಕರ್ ಸಿಕ್ಕಿತು. ಪಾತ್ರ ಯಾರೆಂದು ತೀರ್ಮಾನಿಸುವುದೂ ಗೀತರಚನೆಯೇ ಎಂದು ನಾನು ನಂಬುತ್ತೇನೆ.

ಅದೇ ಚಿತ್ರವನ್ನು ಪೂರ್ತಿಯಾಗುವ ಮುಂಚೆ ತೋರಿಸಿ ನೋಡಿದಾಗ, ಮತ್ಸ್ಯಕನ್ಯೆ ತನ್ನ ಆಸೆ ಹೇಳಿಕೊಳ್ಳುವ ಹಾಡಿನ ಹೊತ್ತಿಗೆ ಮಕ್ಕಳು ಚಡಪಡಿಸಿದರು. ಸ್ಟುಡಿಯೊ ಮುಖ್ಯಸ್ಥ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಹಾಡು ಕತ್ತರಿಸಲು ಹೊರಟರು. ಆಶ್‌ಮನ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಾಯಕಿಗೆ ಏನು ಬೇಕೆಂದೇ ತಿಳಿಯದಿದ್ದರೆ ನೋಡುವವರು ಅವಳ ಬೆನ್ನು ಹತ್ತುವುದಾದರೂ ಯಾಕೆ? ಚಿತ್ರಕಾರ ಗ್ಲೆನ್ ಕೀನ್ ಕೂಡ ಹಾಡಿನ ಪರ ನಿಂತರು. ಹಾಡು ಉಳಿಯಿತು.

‘ಇಲ್ಲೊಂದು ಹಾಡು ಹಾಕಿ’ ಎಂದು ನನಗೆ ಯಾರಾದರೂ ಹೇಳಿದರೆ, ಅದನ್ನು ತೆಗೆದರೆ ಕಥೆ ಎಲ್ಲಿ ಮುರಿಯುತ್ತದೆ ಎಂದು ಕೇಳುತ್ತೇನೆ. ಎಲ್ಲೂ ಮುರಿಯದಿದ್ದರೆ ಬರೆಯುವುದಿಲ್ಲ.

ಇನ್ನು ಕಸುಬಿನ ಮಾತು. ಅನಿಮೇಷನ್‌ನಲ್ಲಿ ಮೊದಲು ದನಿ, ಆಮೇಲೆ ಅದಕ್ಕೆ ತಕ್ಕಂತೆ ಬಾಯಿ ಆಡುವ ಚಿತ್ರ. ಕೊನೇ ಗಳಿಗೆಯಲ್ಲಿ ಒಂದು ಪದ ಬದಲಾದರೂ ಚಿತ್ರ ಮಾಡುವವರ ಕೆಲಸ ಹಿಂದಕ್ಕೆ ಹೋಗುತ್ತದೆ. ನಮ್ಮ ಎಷ್ಟೋ ಪದಗಳು ಉಕಾರದಲ್ಲಿ ಮುಗಿಯುತ್ತವೆ. ಹಾಡಿನಲ್ಲಿ ಎತ್ತರದ ಸ್ಥಾಯಿಯನ್ನು ಎಳೆಯುವ ಕಡೆ ತುಟಿ ಮುದುಡಿದರೆ ದನಿಯೂ ಅರಳದು, ಮುಖವೂ ಅರಳದು. ಅಲ್ಲಿಗೆ ‘ಆ’ ಅಥವಾ ‘ಓ’ ಇರುವ ಪದ ಸಿಗುವ ತನಕ ನಾನು ಸಾಲನ್ನು ಬಿಡುವುದಿಲ್ಲ.

ಆಶ್‌ಮನ್ ಏಡ್ಸ್‌ನಿಂದ ತೀರಿಕೊಂಡದ್ದು 1991ರ ಮಾರ್ಚ್‌ನಲ್ಲಿ, 40ರ ವಯಸ್ಸಿಗೇ. ಅವರು ಹಾಡು ಬರೆದ ‘ಬ್ಯೂಟಿ ಅಂಡ್ ದ ಬೀಸ್ಟ್’ ಚಿತ್ರ ಆ ವರ್ಷದ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. ಕಾಯಿಲೆಯ ನಡುವೆಯೂ ಅದರ ಕಥೆಯ ಚರ್ಚೆಗಳಲ್ಲಿ ಅವರಿದ್ದರು. ಅವರಿಗಾಗಿ ಡಿಸ್ನಿ ತಂಡವೇ ನ್ಯೂಯಾರ್ಕ್ ರಾಜ್ಯದ ಫಿಶ್‌ಕಿಲ್‌ನ ಹೋಟೆಲಿಗೆ ಬಂದು ಕೆಲಸ ಮಾಡಿತು. ಅದಕ್ಕೂ ಮುಂಚೆ, ಮತ್ಸ್ಯಕನ್ಯೆಗೆ ದನಿ ಕೊಟ್ಟ ಜೋಡಿ ಬೆನ್ಸನ್ ಹಾಡುವಾಗ ಆಶ್‌ಮನ್ ಪಕ್ಕದಲ್ಲೇ ನಿಂತು, ಯಾವ ಸಾಲನ್ನು ಎಷ್ಟು ಮೆಲ್ಲಗೆ ಹಾಡಬೇಕೆಂದು ಹೇಳಿಕೊಡುತ್ತಿದ್ದರು. ಧ್ವನಿಮುದ್ರಣದ ದಿನ ಸಾಹಿತ್ಯ ಬರೆದವರೂ ಸ್ಟುಡಿಯೊದಲ್ಲಿರಬೇಕು ಎಂಬುದನ್ನು ನಾನು ಕರಾರಿನಲ್ಲೇ ಸೇರಿಸಲು ಕೇಳುತ್ತೇನೆ. ನೀವೂ ಕೇಳಿ.